ಜಾಲಿಕೊಪ್ಪದ ಹಳ್ಳಕ್ಕೆ ಬಾರದ ಕೊಳವೆ

ಎರೆ ಭೂಮಿಯಲ್ಲಿ ಕೊಳವೆ ಹೂಳುವ ಕೆಲಸ ಪುಸ್ತಕ ಓದಿ ಬರುವಂಥದ್ದಲ್ಲ. ಮಳೆಗಾಲದಲ್ಲಿ ಆ ಮಣ್ಣು ಹಿಟ್ಟು ನಾದಿದಂತೆ ಉಬ್ಬುತ್ತದೆ. ಬೇಸಿಗೆಯಲ್ಲಿ ತೋಳು ಇಳಿಸುವಷ್ಟು ಅಗಲಕ್ಕೆ ಬಿರಿಯುತ್ತದೆ. ನಾನು ಓವರ್ಸಿಯರ್ ಆಗಿ ನೌಕರಿಗೆ ಸೇರಿದ ಹೊಸದರಲ್ಲಿ ಒಂದು ಕಡೆ ಗಟಾರದ ಕೊಳವೆ ಹಾಕಿ, ಮಣ್ಣು ಮುಚ್ಚಿ, ಭಾಳ ಚೆಂದ ಆಯಿತೆಂದು ಫೋಟೋ ತೆಗೆಸಿಕೊಂಡಿದ್ದೆವು. ಮರುವರ್ಷ ಯುಗಾದಿಯ ಹೊತ್ತಿಗೆ ಅಗೆದು ನೋಡಿದರೆ ಕೊಳವೆಗಳು ಕಬ್ಬಿನ ಗಣಿಕೆ ಮುರಿದಂತೆ ಸಂದು ಸಂದಿಗೆ ಮುರಿದು ಬಿದ್ದಿದ್ದವು. ಆವತ್ತು ನಮ್ಮ ಇಂಜಿನಿಯರ್ ಕರಂದೀಕರ ಸಾಹೇಬರು ತಾವೇ ಕೊಳವೆಗೆಂದು ತೋಡಿದ ಕಾಲುವೆಗೆ ಇಳಿದು, ಮುರಿದ ಚೂರನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಯಾರನ್ನೂ ಬೈಯಲಿಲ್ಲ. "ಮಣ್ಣು ತನ್ನ ಕೆಲಸಾ ತಾ ಮಾಡೇತಿ. ನಾವು ನಮ್ಮದು ಮಾಡಿಲ್ಲ" ಅಂದರು. ಅಲ್ಲಿಂದ ಮುಂದೆ ನಮ್ಮ ಕಡೆಯ ಎಲ್ಲ ಕಾಲುವೆಗಳಿಗೂ ಗರಸಿನ, ಅಂದರೆ ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣಿನ, ಹಾಸು ಹಾಕಿಯೇ ಕೊಳವೆ ಇಡುವ ಪದ್ಧತಿ ಬಂತು.

ಇದು ಮುಂಬೈ ರಾಜ್ಯದ ಕಾಲದ ಮಾತು. ರೋಣ, ನರಗುಂದ, ಗಜೇಂದ್ರಗಡದ ಸುತ್ತಮುತ್ತ ನೀರು-ಗಟಾರದ ಕೆಲಸವೆಲ್ಲ ಸಾಹೇಬರ ಕೈಕೆಳಗೆ ಇತ್ತು. ಅವರು ಕೊಂಕಣದವರು, ಮನೆಮಾತು ಮರಾಠಿ. ಕನ್ನಡವನ್ನು ಅವರು ಕಲಿತದ್ದು ಕಚೇರಿಯಲ್ಲಲ್ಲ, ಮಣ್ಣು ಹೊರುವ ಹೆಣ್ಣಾಳುಗಳ ಹತ್ತಿರ. ಹೀಗಾಗಿ ತಾಲೂಕಿನ ಮಾಮಲೇದಾರರ ಮುಂದೆ ನಿಂತಾಗಲೂ ಅವರ ಬಾಯಿಂದ ಆಳುಗಳ ಕನ್ನಡವೇ ಬರುತ್ತಿತ್ತು. ಕೆಲಸ ಕೆಟ್ಟರೆ ಮರಾಠಿಯಲ್ಲಿ ಬೈಯುವರು, ಚಲೋ ಆದರೆ ಕನ್ನಡದಲ್ಲಿ ಹೊಗಳುವರು. ಲೆವೆಲ್ ಯಂತ್ರ ಎಷ್ಟೇ ಸರಿ ತೋರಿಸಲಿ, ಕಾಲುವೆಯ ತಳಕ್ಕೆ ಒಂದು ತಂಬಿಗೆ ನೀರು ಸುರಿದು ಅದು ಯಾವ ಕಡೆ ಓಡುತ್ತದೆಂದು ಕಣ್ಣಾರೆ ನೋಡದೆ ಅವರು ಮುಂದಿನ ಕೊಳವೆ ಇಡಗೊಡುತ್ತಿರಲಿಲ್ಲ. ಈಗ ಈ ಕೆಲಸಕ್ಕೆ ಬರುವ ಹುಡುಗರಿಗೆ ಒಳ್ಳೆಯ ಯಂತ್ರಗಳಿವೆ. ಆದರೂ ಒಂದು ತಂಬಿಗೆ ಜೊತೆಗಿರಲಿ ಎಂದು ನಾನು ಹೇಳುತ್ತಿರುತ್ತೇನೆ.

ನಾನು ಹೇಳಬೇಕೆಂದಿರುವ ಕೆಲಸ ಆ ಭಾಗದ ಒಂದು ಪೇಟೆ ಊರಿನದು. ಅದರ ಹೆಸರು ಬೇಡ. ಅಲ್ಲಿ ಹೊಸದಾಗಿ ದೊಡ್ಡ ದವಾಖಾನೆ ಆಗಿತ್ತು. ಬಣ್ಣ ಹಾಕುವವರ ಕೇರಿ ಬೆಳೆದಿತ್ತು. ಮನೆಗಳ ಬಚ್ಚಲು ನೀರು, ದವಾಖಾನೆಯ ನೀರು, ಬಣ್ಣದ ನೀರು ಎಲ್ಲ ಸೇರಿ ಬಜಾರದ ಕೆಳಗೆ ಕೆಸರಿನ ಮಡು ಆಗಿ ಸೊಳ್ಳೆ ಎದ್ದಿದ್ದವು. ಊರವರು ಹಟ ಹಿಡಿದು ಯೋಜನೆ ಮಂಜೂರು ಮಾಡಿಸಿಕೊಂಡು ಬಂದರು. ಗಟಾರದ ನೀರನ್ನು ಊರ ಹೊರಗಿನ ಹೊಂಡಗಳಲ್ಲಿ ನಿಲ್ಲಿಸಿ ಹೊಲಸನ್ನು ತಳಕ್ಕೆ ಇಳಿಸುವುದು, ಮೇಲಿನ ತಿಳಿಯನ್ನು ಜಲ್ಲಿಯ ಹಾಸಿನ ಮೇಲೆ ಹರಿಸಿ ಇನ್ನಷ್ಟು ಶುದ್ಧ ಮಾಡುವುದು, ಆಮೇಲೆ ಅದನ್ನು ಮಣ್ಣಿನ ಕೊಳವೆಯಲ್ಲಿ ಒಯ್ದು ದೂರದ ಹಳ್ಳಕ್ಕೆ ಬಿಡುವುದು. ಹೊಂಡಗಳನ್ನು ಸಾಹೇಬರೇ ನಿಂತು ಕಟ್ಟಿಸಿದರು. ಆ ಭಾಗದಲ್ಲಿ ಅಂಥ ಕೆಲಸ ಆಗ ಹೊಸದು. ಧಾರವಾಡದಿಂದ ಬಂದ ಮೇಲಧಿಕಾರಿಗಳೆಲ್ಲ ಹೊಗಳಿ ಹೋದರು. ಇನ್ನುಳಿದದ್ದು ಕೊಳವೆ.

ಕೊಳವೆ ಮುಟ್ಟಬೇಕಾಗಿದ್ದ ಹಳ್ಳ ಜಾಲಿಕೊಪ್ಪ ಎಂಬ ಹಳ್ಳಿಯ ಮಗ್ಗುಲಲ್ಲೇ ಹರಿದು, ಮೆಣಸಗಿಯ ಕಡೆ ಸಾಗಿ ಮಲಪ್ರಭೆಯನ್ನು ಸೇರುತ್ತಿತ್ತು. ಮೇಲಿನ ಕಚೇರಿಯ ನಕಾಶೆಯಲ್ಲಿ ಅದನ್ನು ಒಣ ಹಳ್ಳ ಎಂದು ಗುರುತು ಮಾಡಿದ್ದರು. ಮೇಲೆ ನೋಡಿದರೆ ಅದು ಸುಳ್ಳೂ ಅಲ್ಲ. ದೀಪಾವಳಿ ದಾಟಿದರೆ ಬರೀ ಉಸುಕು.

ಕಾಲುವೆ ತೋಡುವ ಕೆಲಸಕ್ಕೆ ಜಾಲಿಕೊಪ್ಪದ ಆಳುಗಳೇ ಬಂದರು. ಹೊಲವಿಲ್ಲದ ಮನೆಗಳವರು, ಹೆಂಗಸರೇ ಹೆಚ್ಚು. ಅವರ ಮುಂದಾಳು ನೀಲವ್ವ. ನಡುವಯಸ್ಸು ದಾಟಿದ ಹೆಣ್ಣುಮಗಳು, ಎತ್ತರದ ಆಳು, ಹಣೆಯಲ್ಲಿ ವಿಭೂತಿ. ಕಾಲರಾ ಬಂದ ವರ್ಷ ಗಂಡನನ್ನೂ ಹಿರಿಯ ಮಗಳನ್ನೂ ಕಳೆದುಕೊಂಡು, ಉಳಿದವರನ್ನು ದುಡಿದು ಸಾಕಿದವಳು. ಆಕೆಯ ಗ್ಯಾಂಗಿನ ಮೇಲೆ ನಿಗಾ ಇಡುವ ಕೆಲಸವೇ ನನಗಿರಲಿಲ್ಲ. ಬೆಳಗ್ಗೆ ನಾನು ಹೋಗುವ ಮೊದಲೇ ಹಗ್ಗ ಹಿಡಿದು, ಸುಣ್ಣದ ಗೆರೆ ಹಾಕಿ, ಅಗೆತ ಶುರುವಾಗಿರುತ್ತಿತ್ತು. ಕಾಲುವೆಯ ಗೋಡೆ ಸಾರಿಸಿದಂತೆ ನೆಟ್ಟಗೆ. ನನ್ನ ಸರ್ವಿಸಿನಲ್ಲಿ ಅಷ್ಟು ಹುಮ್ಮಸ್ಸಿನಿಂದ ಯಾರೂ ಮಣ್ಣು ಅಗೆದದ್ದನ್ನು ನಾನು ನೋಡಿಲ್ಲ. ಹಾಡಿಕೊಂಡು ಅಗೆಯುತ್ತಿದ್ದರು. ಯಾಕೆ ಇಷ್ಟು ಹುಮ್ಮಸ್ಸು ಎಂದು ನನಗೆ ತಿಳಿದದ್ದು ಕಾಲುವೆ ಅರ್ಧಕ್ಕಿಂತ ಮುಂದೆ ಹೋದ ಮೇಲೆ.

ಒಂದು ಮಧ್ಯಾಹ್ನ ರೊಟ್ಟಿ ತಿನ್ನುವ ಹೊತ್ತಿಗೆ ನೀಲವ್ವ ಕೇಳಿದಳು. "ಓವರ್ಸೇರ್ರ, ನಳಾ ಎಲ್ಲಿ ಕುಂದರಸ್ತೀರಿ? ಹಣಮಪ್ಪನ ಗುಡಿ ಮುಂದ ಆದ್ರ ಎಲ್ಲಾ ಓಣಿಗೂ ಹತ್ರ ಆಕ್ಕೈತಿ ನೋಡ್ರಿ."

"ಯಾವ ನಳಾನವ್ವ?"

"ಇದರದ. ನೀರು ನಮ್ಮ ಊರಿಗೇ ಬರಾಕ ಹತ್ತೇತಲ್ರಿ?"

ಅಲ್ಲಿದ್ದ ಹೆಂಗಸರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ಒಬ್ಬಾಕೆ ನಲ್ಲಿ ಗುಡಿಯ ಮುಂದೆ ಬೇಡ, ಬಾವಿಕಟ್ಟೆಯ ಹತ್ತಿರ ಇರಲಿ ಎಂದು ವಾದ ಬೇರೆ ಹೂಡಿದ್ದಳು. ನಾನು ಕೈಯಲ್ಲಿದ್ದ ರೊಟ್ಟಿಯನ್ನು ಕೆಳಗಿಟ್ಟೆ. ಇಷ್ಟು ದಿನ ಯಾರೂ ಅವರಿಗೆ ಹೇಳಿಯೇ ಇರಲಿಲ್ಲ. ಸರಕಾರ ಕೊಳವೆ ತರುತ್ತದೆ ಎಂದರೆ ಕುಡಿಯುವ ನೀರನ್ನೇ ತರುತ್ತದೆಂದು ಅವರು ತಿಳಿದುಕೊಂಡಿದ್ದರು.

"ನೀಲವ್ವಾ, ಇದು ಕುಡಿಯೂ ನೀರಲ್ಲ" ಅಂದೆ. "ಪ್ಯಾಟಿ ಗಟಾರದ ನೀರು. ಹೊಂಡದಾಗ ತಿಳಿ ಮಾಡಿ ಹಳ್ಳಕ್ಕ ಬಿಡತಾರ."

"ಯಾ ಹಳ್ಳಕ್ಕ?"

"ನಿಮ್ಮ ಹಳ್ಳಕ್ಕ."

ಆಕೆ ಬುತ್ತಿಯನ್ನು ಕಟ್ಟಿದಳು. ಕೂಗಾಡಲಿಲ್ಲ. ಹೆಂಗಸರ ಕಡೆ ತಿರುಗಿ, "ನಾವು ಕುಡಿಯೂ ನೀರಿಗೆ ಹೊಲಸು ಬಿಡಾಕ ನಾವ ಕಾಲಿವಿ ತೋಡಾಕ ಹತ್ತೇವಂತವ್ವಾ" ಅಂದಳು. ಆಮೇಲೆ ನನ್ನ ಕಡೆ ನೋಡಿ, "ಖರೇ ಹೇಳಿದ್ರಿ, ಚಲೋ ಆತು. ನಾಳಿಂದ ನಾವು ಬರೂದಿಲ್ರಿ" ಅಂದಳು. ಸಲಿಕೆ, ಗುದ್ದಲಿ, ಬುಟ್ಟಿಗಳನ್ನು ತೊಳೆದು, ಸಾಲಾಗಿ ಜೋಡಿಸಿಟ್ಟು ಹೊರಟು ಹೋದರು.

ಜಾಲಿಕೊಪ್ಪದ ಊರಬಾವಿಗಳಲ್ಲಿ ಸವುಳು ನೀರು. ಬೇಳೆ ಬೇಯುವುದಿಲ್ಲ, ಬಾಯಿಗೆ ಹಾಕಿದರೆ ಉಪ್ಪು. ಹಾಗಾಗಿ ಬೇಸಿಗೆಯಲ್ಲಿ ಹೆಂಗಸರು ಹಳ್ಳದ ಉಸುಕಿನಲ್ಲಿ ಗುಂಡಿ ತೋಡುತ್ತಾರೆ. ಅದಕ್ಕೆ ವರತಿ ಎನ್ನುತ್ತಾರೆ. ತಳದಲ್ಲಿ ಮೆಲ್ಲಗೆ ಒಸರುವ ಸಿಹಿನೀರನ್ನು ಪರಟೆಯಿಂದ ತುಂಬಿ ತುಂಬಿ ಕೊಡಕ್ಕೆ ಹಾಕುತ್ತಾರೆ. ಕೊಳವೆಯ ಬಾಯಿ ಬರಬೇಕಾಗಿದ್ದದ್ದು ಆ ವರತಿಗಳ ಮೇಲ್ಗಡೆಯಲ್ಲೇ.

ಪೇಟೆಯ ಪುರಸಭೆಯ ಅಧ್ಯಕ್ಷರು ದೊಡ್ಡ ಅಡತಿ ವ್ಯಾಪಾರಿ, ದಲಾಲಿ ಅಂಗಡಿಯವರು. ಕೆಲಸ ನಿಂತಿತೆಂದು ಕೇಳಿ ಬೇರೆ ಊರಿನ ಆಳು ತರಿಸಿದರು. ನಾವು ಮುಂದಿನ ದಾರಿಗೆ ಹಗಲೆಲ್ಲ ಅಳತೆ ಮಾಡಿ ಗೂಟ ಹೊಡೆದು ಬರುತ್ತಿದ್ದೆವು. ಬೆಳಗ್ಗೆ ಹೋದರೆ ಗೂಟಗಳೆಲ್ಲ ಕಿತ್ತು, ಒಂದೂ ಮುರಿಯದೆ, ಸೌದೆ ಹೊರೆಯಂತೆ ಹಗ್ಗ ಕಟ್ಟಿ ನಮ್ಮ ಡೇರೆಯ ಮುಂದೆ ಇಟ್ಟಿರುತ್ತಿದ್ದರು. ಮತ್ತೆ ಹೊಡೆದರೆ ಮತ್ತೆ ಹಾಗೆಯೇ. ತಂದ ಆಳುಗಳನ್ನು ಯಾರೂ ಹೆದರಿಸಲಿಲ್ಲ, ಬೈಯಲಿಲ್ಲ. ನೀಲವ್ವನ ಕಡೆಯ ಹೆಂಗಸರು ಕಾಲುವೆಯ ದಂಡೆಗೆ ಬಂದು, ಅವರಿಗೆ ವರತಿಯ ನೀರು ಕುಡಿಸಿದರು. "ಇದ ನೋಡ್ರೆಪಾ ಆ ನೀರು" ಅಂದರು. ಮೂರನೆಯ ದಿನಕ್ಕೆ ಆ ಆಳುಗಳೂ ಊರಿಗೆ ಹೋದರು.

ನನಗೆ ಹೆಚ್ಚು ಬೆರಗಾದದ್ದು ಬೇರೊಂದು ಸಂಗತಿ. ಆ ಕೂಲಿ ಬಿಟ್ಟರೆ ಆ ಮನೆಗಳಿಗೆ ಬೇಸಿಗೆಯಲ್ಲಿ ಬೇರೆ ದಾರಿಯಿರಲಿಲ್ಲ. ಊರಿನ ಶಿವನಗೌಡರಿಗೆ ದೊಡ್ಡ ಜಮೀನು, ಅವರ ತೋಟದ ಬಾವಿ ಇಡೀ ಊರಿನಲ್ಲಿ ಸಿಹಿನೀರಿದ್ದ ಒಂದೇ ಬಾವಿ; ಅದರ ನೀರು ಅವರ ಮನೆಗೂ ತೋಟಕ್ಕೂ ಮಾತ್ರ ಸಾಲುತ್ತಿತ್ತು. ಅಧ್ಯಕ್ಷರು ಅವರ ಹತ್ತಿರ ಹೋಗಿ, "ಗೌಡ್ರ, ನಿಮ್ಮ ಬಾವಿಗೇನೂ ಆಗೂದಿಲ್ಲ. ಮ್ಯಾಲೆ ಈ ನೀರು ನಿಮ್ಮ ಹೊಲದ ಮಗ್ಗಲದಾಗ ಹರೀತೈತಿ, ಬೇಕಾದಷ್ಟು ಎತ್ತಿಕೊಳ್ರಿ. ಆಳುಗಳಿಗೆ ಒಂದ ಮಾತು ಹೇಳ್ರಿ" ಎಂದು ಕೇಳಿಕೊಂಡರು. ನಾನು ಅಲ್ಲೇ ಇದ್ದೆ. ಗೌಡರು ಎಲೆ ಅಡಿಕೆ ಮೆಲ್ಲುತ್ತ ಕೂತವರು, "ಅವ್ರು ನನ್ನ ಹೊಲದಾಗ ದುಡಿಯಾವ್ರು. ಕುಡಿಯೂ ನೀರು ಬಿಟ್ಟು ಬರ್ರಿ ಅಂತ ನಾ ಹ್ಯಾಂಗ ಹೇಳ್ಲಿ?" ಅಂದರು. ಅಷ್ಟೇ ಅಲ್ಲ, ಆ ವಾರವೇ ಹತ್ತಿ ಬಿಡಿಸಿದ ಮೇಲೆ ಹೊಲದಲ್ಲಿ ಉಳಿದ ಕಟಿಗೆ ಕೀಳುವ ಕೆಲಸಕ್ಕೆ ಇಡೀ ಗ್ಯಾಂಗನ್ನು ಕರೆದರು. ಎತ್ತು ಕಟ್ಟಿ ಕೆಲವೇ ದಿನಗಳಲ್ಲಿ ಮುಗಿಸಬಹುದಾದ ಕೆಲಸವನ್ನು ಕೈಯಿಂದಲೇ ಮಾಡಿಸಿದರು. ಅವರ ಕೂಲಿ ಹೆಚ್ಚು ದಿನ ನಡೆಯಲಿ ಎಂದೇ ಹಾಗೆ ಮಾಡಿದ್ದೆಂದು ಎಲ್ಲರಿಗೂ ಗೊತ್ತಿತ್ತು.

ಕರಂದೀಕರ ಸಾಹೇಬರು ಆಗ ಗಜೇಂದ್ರಗಡದ ಕಡೆ ಬೇರೆ ಕೆಲಸದಲ್ಲಿದ್ದರು. ಸುದ್ದಿ ತಿಳಿದು ಬಂದವರು ಮೊದಲು ಪುರಸಭೆಗೆ ಹೋಗಲಿಲ್ಲ. ನನ್ನನ್ನು ಕರೆದುಕೊಂಡು ನೆಟ್ಟಗೆ ಹಳ್ಳಕ್ಕೆ ಬಂದರು. ಬೆಳಗಿನ ಹೊತ್ತು, ಹೆಂಗಸರು ವರತಿಯ ಸುತ್ತ ಕೂತು ನೀರು ತುಂಬುತ್ತಿದ್ದರು. ಸಾಹೇಬರು ಬೂಟು ಬಿಚ್ಚಿ ಬರಿಗಾಲಲ್ಲಿ ಉಸುಕಿಗೆ ಇಳಿದರು. ವರತಿಯಿಂದ ವರತಿಗೆ ನಡೆದರು. ಒಂದು ಕೊಡ ತುಂಬಲು ಎಷ್ಟು ಹೊತ್ತಾಗುತ್ತದೆಂದು ಕೇಳಿದರು. ಕೆಳಗಿನ ಹಳ್ಳಿಗಳವರೂ ಹೀಗೇ ಮಾಡುತ್ತಾರಾ ಎಂದು ಕೇಳಿದರು.

ಅಧ್ಯಕ್ಷರು ಹಳ್ಳದ ದಂಡೆಯ ಬನ್ನಿಗಿಡದ ಕೆಳಗೆ ಸಭೆ ಕರೆದರು. ಜಾಲಿಕೊಪ್ಪದವರೆಲ್ಲ ಬಂದರು. ಕೆಳಗಿನ ಊರುಗಳಿಂದ, ಮೆಣಸಗಿಯಿಂದಲೂ ಮಂದಿ ಚಕ್ಕಡಿ ಕಟ್ಟಿಕೊಂಡು ಬಂದಿದ್ದರು. ಅಧ್ಯಕ್ಷರು ಜಲ್ಲಿಯ ಹಾಸಿನಿಂದ ಇಳಿದ ನೀರನ್ನು ಒಂದು ಶೀಶೆಯಲ್ಲಿ ತಂದಿದ್ದರು. ಅದನ್ನು ಗಾಜಿನ ಲೋಟಕ್ಕೆ ಹಾಕಿ ಬಿಸಿಲಿಗೆ ಹಿಡಿದು ತೋರಿಸಿದರು. ಖರೇ ಹೇಳಬೇಕೆಂದರೆ ನೀರು ತಿಳಿಯಾಗಿಯೇ ಇತ್ತು.

"ನೋಡ್ರಿ, ಎಷ್ಟು ತಿಳಿ ಐತಿ. ನಮ್ಮ ಇಂಜಿನಿಯರ್ ಸಾಹೇಬ್ರು ನಿಮ್ಮೆಲ್ಲರ ಮುಂದ ಇದನ್ನ ಕುಡದು ತೋರಸ್ತಾರ. ಆಮ್ಯಾಲೆ ಯಾರೂ ತಕರಾರು ತಗೀಬಾರ್ದು" ಎಂದು ಹೇಳಿ ಲೋಟವನ್ನು ಸಾಹೇಬರ ಕೈಗೆ ಕೊಟ್ಟುಬಿಟ್ಟರು.

ಈ ಬಗ್ಗೆ ಸಾಹೇಬರಿಗೆ ಮೊದಲು ಏನೂ ಹೇಳಿರಲಿಲ್ಲ. ಅವರು ಲೋಟ ಹಿಡಿದು ನಿಂತರು. ಕುಡಿಯದಿದ್ದರೆ ತಾವೇ ಕಟ್ಟಿದ ಕೆಲಸವನ್ನು ತಾವೇ ಹಳಿದಂತೆ. ಕುಡಿದರೆ ಮಾತು ಮುಗಿದಂತೆ. ಹೆಂಗಸರ ನಡುವಿನಿಂದ ನೀಲವ್ವ ಎದ್ದಳು.

"ಸಾಹೇಬ್ರ, ಕುಡೀಬ್ಯಾಡ್ರಿ. ಅದನ್ನ ಕೆಳಗಿಡ್ರಿ" ಅಂದಳು. "ನೀವು ಇವತ್ತ ಕುಡೀತೀರಿ, ನಾಳಿಗೆ ಬ್ಯಾರೆ ನೀರು ಕುಡೀತೀರಿ. ನಮಗ ಬ್ಯಾರೆ ನೀರಿಲ್ರಿ. ನಿಮಗ ಏನರ ಆದ್ರ ಆ ಪಾಪ ನಮಗ ಬ್ಯಾಡ. ನಾ ಒಂದ ಮಾತು ಕೇಳ್ತೀನಿ. ನಿಮ್ಮ ಮನ್ಯಾಗ ಮೊಮ್ಮಕ್ಕಳದಾವೇನ್ರಿ?"

"ಒಬ್ಬಾಕಿ ಅದಾಳವ್ವ."

"ಆಕಿಗೆ ದಿನಾ ಇದನ್ನ ಕುಡಸ್ತೀರೇನ್ರಿ?"

ಸಾಹೇಬರು ಲೋಟವನ್ನು ನೋಡಿದರು. ಆಮೇಲೆ ಬಗ್ಗಿ ಅದನ್ನು ನೆಲದ ಮೇಲೆ ಇಟ್ಟರು. "ಇಲ್ಲವ್ವ, ಕುಡಸೂದಿಲ್ಲ" ಅಂದರು. ತಮ್ಮ ಆಳುಗಳ ಕನ್ನಡದಲ್ಲೇ ಎಲ್ಲರಿಗೂ ಕೇಳುವಂತೆ ಹೇಳಿದರು. "ಈ ನೀರು ನೋಡಾಕ ತಿಳಿ ಐತಿ. ನಾನ ತಿಳಿ ಮಾಡೇನಿ, ಹೊಂಡದ ಕೆಲಸಾ ಚಲೋ ಆಗೇತಿ. ಹುಲ್ಲಿಗೆ ಹಾಕಾಕ ಇದು ಬರೋಬ್ಬರಿ. ಮಂದಿ ಕುಡ್ಯಾಕಲ್ಲ. ಕಣ್ಣಿಗೆ ಕಾಣದ ಬ್ಯಾನಿ ಇದರಾಗ ಇನ್ನೂ ಇರಬಹುದು. ಹಳ್ಳದಾಗ ನೀರಿಲ್ಲ ಅಂತ ನಕಾಶಿದಾಗ ಬರದಿದ್ರು. ಉಸುಗಿನ ಕೆಳಗಿನ ನೀರಿನ ಮ್ಯಾಲೆ ನಿಮ್ಮ ಜೀವಾ ನಿಂತೇತಿ ಅಂತ ಬರದಿದ್ದಿಲ್ಲ. ಕೊಳವಿ ಇಲ್ಲಿಗೆ ಬರಬಾರ್ದು."

ಅಧ್ಯಕ್ಷರ ಮುಖ ಕೆಂಪಾಯಿತು. "ಸಾಹೇಬ್ರ, ನೀವು ಯಾರ ಪಗಾರ ತಿನ್ನಾಕ ಹತ್ತೀರಿ?" ಎಂದರು.

"ಸರಕಾರದ್ದು ತಿಂತೀನ್ರಿ. ಅದಕ್ಕ ಗೊತ್ತಿದ್ದದ್ದು ಹೇಳಬೇಕಾಗೇತಿ" ಅಂದರು ಸಾಹೇಬರು.

ಜನ ಜೈಕಾರ ಹಾಕಲಿಲ್ಲ. ಹಿರಿಯರೊಬ್ಬರು ಎದ್ದು ತಲೆಯ ರುಮಾಲು ತೆಗೆದು ಕೈ ಮುಗಿದರು, ಅಷ್ಟೇ. ನಾನು ಎಷ್ಟೋ ದೊಡ್ಡ ಅಧಿಕಾರಿಗಳ ಕೈಕೆಳಗೆ ದುಡಿದಿದ್ದೇನೆ. ತನ್ನ ಕೆಲಸದ ಮಿತಿಯನ್ನು ನಾಲ್ಕು ಮಂದಿಯ ಎದುರಿಗೆ ಹೀಗೆ ಹೇಳಿದವರನ್ನು ಮತ್ತೆ ಕಾಣಲಿಲ್ಲ.

ಅದರ ಫಲವನ್ನೂ ಅವರು ಉಂಡರು. ದೂರು ಮೇಲಕ್ಕೆ ಹೋಯಿತು. ಧಾರವಾಡಕ್ಕೆ ಕರೆಸಿ ದಿನವಿಡೀ ಹೊರಗೆ ಬೆಂಚಿನ ಮೇಲೆ ಕೂಡ್ರಿಸಿ ಆಮೇಲೆ ಜಬಾಬು ಕೇಳಿದರು. ಮುಂದೆ ಬರಬೇಕಾಗಿದ್ದ ಬಡ್ತಿ ಬೇರೆಯವರಿಗೆ ಹೋಯಿತು. ಹಿಂದಿರುಗಿದ ದಿನ ನಾನು ಏನಾಯಿತೆಂದು ಕೇಳಿದೆ. "ಏನಿಲ್ಲ ಮಾರಾಯಾ, ಅಲ್ಲಿ ಚಹಾ ಚಲೋ ಇತ್ತು" ಎಂದು ನಕ್ಕು, ಹೊಸ ಕಾಗದ ಹಾಸಿ ಕೂತರು.

ಹೊಸ ಯೋಜನೆ ಸರಳವಾಗಿತ್ತು. ಹೊಂಡಗಳ ಕೆಳಗೆ ಪೇಟೆಯದೇ ಗಾಯರಾಣ, ಅಂದರೆ ದನ ಮೇಯಿಸುವ ಬಯಲು, ಪಾಳು ಬಿದ್ದಿತ್ತು. ಕೊಳವೆಯನ್ನು ಅಲ್ಲಿಗೇ ನಿಲ್ಲಿಸಿ, ನೀರನ್ನು ಮಡಿಗಳಲ್ಲಿ ಹರಿಸಿ ಮೇವಿನ ಹುಲ್ಲು ಬೆಳೆಸುವುದು. ಎರೆ ಭೂಮಿಯಲ್ಲಿ ಅಷ್ಟುದ್ದ ಕೊಳವೆ ಒಯ್ದರೆ ಹೇಗೂ ಒಡೆಯುತ್ತದೆ, ರಿಪೇರಿ ತಪ್ಪುವುದಿಲ್ಲ ಎಂಬುದನ್ನೂ ಅವರು ಬರೆದರು. ಪುರಸಭೆಯ ಸಭೆಯಲ್ಲಿ ಗದ್ದಲವೇ ಎದ್ದಿತು. ಗಾಯರಾಣದ ಮಗ್ಗುಲಲ್ಲಿ ವ್ಯಾಪಾರಿಗಳು ಹೊಸ ಮನೆ ಕಟ್ಟುವವರಿದ್ದರು. ವಾಸನೆ ಬರುತ್ತದೆ, ಬೇಡ ಎಂದರು. ಆಗ ಮೂಲೆಯಲ್ಲಿ ಕೂತಿದ್ದ ವಯಸ್ಸಾದ ಅರಿವೆ ಅಂಗಡಿಯ ಶೆಟ್ಟರು ಎದ್ದರು. ಅವರದೂ ಅಲ್ಲೊಂದು ಜಾಗ ಇತ್ತು.

"ನನಗೂ ವಾಸನಿ ಬರತೈತಿ. ಆದ್ರ ಹೊಲಸು ನಮ್ಮದು. ನಮ್ಮ ಜಮೀನಿನ್ಯಾಗ ಇರಲಿ. ಕುಡಿಯಾವ್ರ ನೀರಿಗೆ ಯಾಕ ಕಳಸೂಣು?" ಅಂದರು. ಅಷ್ಟು ಹೇಳಿ ಕೂತರು. ಕೈ ಎತ್ತಿಸಿ ಎಣಿಸಿದಾಗ ಯೋಜನೆ ಪಾಸಾಯಿತು. ಅಧ್ಯಕ್ಷರೂ ಕಡೆಗೆ ಕೈ ಎತ್ತಿದರು. ಅವರು ಕೆಟ್ಟವರಲ್ಲ. ಬಜಾರದ ಕೆಸರು ಹೋಗಲಿ ಎಂಬ ಹಟ ಅವರಿಗೆ ಕಣ್ಣು ಕಟ್ಟಿತ್ತು.

ಮರುದಿನ ಡೇರೆಯ ಹತ್ತಿರ ನೀಲವ್ವ ತನ್ನ ಗ್ಯಾಂಗಿನೊಂದಿಗೆ ನಿಂತಿದ್ದಳು. "ಹೊಸಾ ಕೆಲಸಾ ನಮಗ ಕೊಡ್ರಿ. ಆದ್ರ ಮೊದಲ ಆ ಹಳೇ ಕಾಲಿವಿ ಮುಚ್ಚತೇವ್ರಿ. ನಾವ ತೋಡೇವಿ, ನಾವ ಮುಚ್ಚಬೇಕು. ಮಳಿಗಾಲದಾಗ ದನಾ ಬೀಳತಾವ" ಅಂದಳು. ಸಾಹೇಬರು ಕೂಲಿ ಮಂಜೂರು ಮಾಡಿಸುತ್ತೇನೆ ಎಂದರೂ ಕಾಯಲಿಲ್ಲ. ಮಿರಗದ, ಅಂದರೆ ಮೃಗಶಿರೆಯ, ಮಳೆ ಬರುವಷ್ಟರಲ್ಲಿ ಅಷ್ಟುದ್ದದ ಕಾಲುವೆಯನ್ನು ಮುಚ್ಚಿ, ತುಳಿದು, ನೆಲ ಮಟ್ಟ ಮಾಡಿದರು.

ಎಲ್ಲವೂ ಅಲ್ಲಿಗೇ ಸುಸೂತ್ರವಾಯಿತು ಎಂದಲ್ಲ. ಮೊದಲ ವರ್ಷ ಮಳೆ ಜೋರಾಗಿ ಗಾಯರಾಣದ ನೀರು ತುಂಬಿ ಹಳ್ಳದ ಕಡೆ ಹರಿಯತೊಡಗಿತು. ನೀಲವ್ವ ಗೋಣಿಚೀಲದ ಕೊಪ್ಪೆ ಹಾಕಿಕೊಂಡು, ತೊಯ್ಸಿಕೊಳ್ಳುತ್ತ ಕಚೇರಿಗೆ ಬಂದು ಬಾಗಿಲಲ್ಲೇ ನಿಂತಳು. "ಬರ್ರಿ ಸಾಹೇಬ್ರ, ನೋಡಬರ್ರಿ" ಅಂದಳು. ಸಾಹೇಬರು ಊಟ ಬಿಟ್ಟು ಎದ್ದರು. ಮಳೆಯಲ್ಲೇ ನಿಂತು ಒಡ್ಡಿನ ಗೆರೆ ಹಾಕಿದರು. ಗ್ಯಾಂಗು ಅಲ್ಲಿಯೇ ಒಡ್ಡು ಏರಿಸಿತು. ಆಮೇಲೆ ಕೆಳಗಿನ ತುದಿಗೆ ಇನ್ನೊಂದು ಹೊಂಡವನ್ನೂ ಕಟ್ಟಿಸಿದೆವು. ಹುಲ್ಲು ಆಳೆತ್ತರ ಬಂತು. ಜಾಲಿಕೊಪ್ಪದ ವರತಿಗಳಿಗೆ ಏನೂ ಆಗಲಿಲ್ಲ. ಕೆಲವು ವರ್ಷಗಳಾದ ಮೇಲೆ ಬೇರೆ ಯೋಜನೆಯಲ್ಲಿ ಆ ಊರಿಗೆ ಕುಡಿಯುವ ನೀರಿನ ಕೊಳವೆಯೂ ಬಂತು. ಅದರ ಮೊದಲ ಅರ್ಜಿಯನ್ನು ಸಾಹೇಬರೇ ತಮ್ಮ ಕೈಯಾರೆ ಬರೆದು ಕಳಿಸಿದ್ದರು.

ಈ ಕೆಲಸದಿಂದ ಅವರ ಪದ್ಧತಿಯೇ ಬದಲಾಯಿತು. ಕೊಣ್ಣೂರಿನ ಕಡೆ ಇರಲಿ, ಅಸೂಟಿಯ ಕಡೆ ಇರಲಿ, ಹೊಸ ಕೆಲಸ ಎಂದರೆ ಯಂತ್ರ ಬಿಚ್ಚುವ ಮೊದಲು ನೀರು ಹರಿದು ಹೋಗುವ ಕಡೆಗೆ ನಡೆಯುವುದು, ಅಲ್ಲಿ ಯಾರು ಏನು ಕುಡಿಯುತ್ತಾರೆಂದು ಕೇಳುವುದು. ಕಚೇರಿಯಲ್ಲಿ ಕೆಲವರು ಇದನ್ನು ನೋಡಿ ನಗುತ್ತಿದ್ದರು. ನಾನು ನಿವೃತ್ತನಾಗುವವರೆಗೂ ಅದನ್ನೇ ಮಾಡಿದೆ.

ರಾಜ್ಯಗಳು ಹೊಸದಾಗಿ ಹಂಚಿಹೋದಾಗ ನಾವು ಮೈಸೂರು ರಾಜ್ಯಕ್ಕೆ ಬಂದೆವು, ಸಾಹೇಬರು ಮುಂಬೈ ಕಡೆಗೆ ಹೋದರು. ಅವರ ಜಾಗಕ್ಕೆ ಬಂದ ಇಂಜಿನಿಯರು ಹಳೆ ಮೈಸೂರಿನವರು. ವಯಸ್ಸು ಚಿಕ್ಕದು, ಕೆಲಸದಲ್ಲಿ ಹುರುಪು. ಹಳೆಯ ನಕಾಶೆಗಳನ್ನೆಲ್ಲ ಹರಡಿಕೊಂಡು ಕೂತವರು ಒಂದು ಗೆರೆಯ ಮೇಲೆ ಬೆರಳಿಟ್ಟರು.

"ಮಂಜೂರಾದ ಕೊಳವೆ ಹಳ್ಳದ ತನಕ ಇದೆ. ಹಾಕಿರೋದು ಇಷ್ಟೇ. ಯಾಕೆ ನಿಲ್ಲಿಸಿದ್ರಿ?" ಎಂದು ಕೇಳಿದರು.

ಕೂತಲ್ಲೇ ಉತ್ತರ ಹೇಳಬಹುದಾಗಿತ್ತು. ಆದರೂ ಅವರನ್ನು ಜೀಪಿನಲ್ಲಿ ಗಾಯರಾಣಕ್ಕೆ ಕರೆದುಕೊಂಡು ಹೋದೆ. ಗ್ಯಾಂಗು ಹುಲ್ಲಿನ ಮಡಿಗಳನ್ನು ಸರಿಮಾಡುತ್ತಿತ್ತು. ನೀಲವ್ವನನ್ನು ತೋರಿಸಿ, "ಇವರನ್ನು ಕೇಳಿ ಸರ್" ಎಂದೆ.

ನೀಲವ್ವ ಹೊಸ ಸಾಹೇಬರನ್ನು ಮೇಲಿಂದ ಕೆಳಗೆ ನೋಡಿದಳು. ಕೈಯ ಮಣ್ಣು ಒರೆಸಿಕೊಂಡು ತಲೆಯ ಸೆರಗು ಸರಿಮಾಡಿಕೊಂಡಳು. ಒಡ್ಡಿನ ಮೇಲೆ ಅವರಿಗೆ ಜಾಗ ತೋರಿಸಿ, "ಕುಂದರ್ರಿ ಸಾಹೇಬ್ರ, ಹೇಳ್ತೀನಿ" ಅಂದಳು.